ಖೋಖೋ ಆಡುವವರು ನಾವು, ತಂಡ ಮಾತ್ರ ಪರರದು!

ಗೆಳೆಯರೇ, ಒಂದು ಸಣ್ಣ ಲೆಕ್ಕ ಹಾಕೋಣ. ಗುಜರಾತ್ ಜೈಂಟ್ಸ್, ಮುಂಬೈ ಖಿಲಾಡೀಸ್, ರಾಜಸ್ಥಾನ್ ವಾರಿಯರ್ಸ್, ಒಡಿಶಾ ಜಗ್ಗರ್‌ನಾಟ್ಸ್, ಚೆನ್ನೈ ಕ್ವಿಕ್ ಗನ್ಸ್, ತೆಲುಗು ಯೋಧಾಸ್. ‘ಅಲ್ಟಿಮೇಟ್ ಖೋಖೋ’ ಎಂಬ ವೃತ್ತಿಪರ ಲೀಗಿನ ಮೊದಲ ಎರಡು ಸೀಸನ್‌ಗಳಲ್ಲಿ ಆಡಿದ ಆರು ತಂಡಗಳಿವು. ಇದರಲ್ಲಿ ಕರ್ನಾಟಕ ಎಲ್ಲಿದೆ, ಹುಡುಕಿ. ದುರ್ಬೀನು ಹಿಡಿದರೂ ಸಿಗುವುದಿಲ್ಲ. ತಮಿಳುನಾಡಿಗೆ ಉಂಟು, ತೆಲುಗರಿಗೆ ಉಂಟು, ಮಹಾರಾಷ್ಟ್ರಕ್ಕೆ ಉಂಟು. ಕನ್ನಡಿಗರಿಗೆ ಮಾತ್ರ ಇಲ್ಲ!

ಖೋಖೋ ನಮಗೆ ಬಾರದ ಆಟವೇ? ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿಗೆ ಹೋಗಿ ಈ ಮಾತು ಕೇಳಿ ನೋಡಿ. ಆ ಹಳ್ಳಿಯ ಹೆಣ್ಣುಮಗಳು ಬಿ. ಚೈತ್ರಾ. 2025ರ ಜನವರಿಯಲ್ಲಿ ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಖೋಖೋ ವಿಶ್ವಕಪ್ ನಡೆಯಿತಲ್ಲ, ಅದರ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಮಣಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಯಾರು? ಇದೇ ಕುರುಬೂರಿನ ಚೈತ್ರಾ. ಗಂಡಸರ ಫೈನಲ್‌ನಲ್ಲೂ ಭಾರತವೇ 54-36ರಿಂದ ಗೆದ್ದಿತು. ಆ ತಂಡದಲ್ಲಿದ್ದವರು ನಮ್ಮ ಎಂ.ಕೆ. ಗೌತಮ್. ಅಂದರೆ ವಿಶ್ವಕಪ್ ಗೆದ್ದ ಎರಡೂ ತಂಡಗಳಲ್ಲಿ ಕನ್ನಡಿಗರಿದ್ದರು. ಲೀಗಿನಲ್ಲಿ ಮಾತ್ರ ಕನ್ನಡಿಗರದ್ದೊಂದು ತಂಡವಿಲ್ಲ. ಇದೆಂಥ ವಿಪರ್ಯಾಸ!

ಗೆದ್ದು ಬಂದ ಮೇಲೆ ನಡೆದದ್ದು ನಿಮಗೆ ನೆನಪಿರಬೇಕು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿದರು. ಸಿದ್ದರಾಮಯ್ಯನವರೂ ಇದೇ ಮೈಸೂರು ಜಿಲ್ಲೆಯವರು ಎಂಬುದನ್ನು ಮರೆಯಬೇಡಿ. ಅತ್ತ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟ ಮಾತು ತಲಾ 2.25 ಕೋಟಿ, ಜೊತೆಗೆ ಸರ್ಕಾರಿ ನೌಕರಿ. ನಮ್ಮ ಇಬ್ಬರು ಆಟಗಾರರೂ ಆ 5 ಲಕ್ಷ ಬೇಡವೆಂದರು. ದುರಾಸೆ ಎಂದು ಕೆಲವರು ಆಡಿಕೊಂಡರು. ದುರಾಸೆಯಲ್ಲ ಸ್ವಾಮಿ, ಅದು ಸ್ವಾಭಿಮಾನ. ಗಡಿಯ ಆಚೆಗೆ ಒಂದು ಬೆಲೆ, ಈಚೆಗೆ ಇನ್ನೊಂದು ಬೆಲೆ ಎಂದರೆ ಯಾರಿಗಾದರೂ ಉರಿಯುವುದಿಲ್ಲವೇ?

ಆದರೆ ಬಹುಮಾನ ಒಮ್ಮೆ ಬರುತ್ತದೆ, ಖರ್ಚಾಗುತ್ತದೆ. ಆಟಗಾರನಿಗೆ ವರ್ಷವರ್ಷವೂ ಅನ್ನ ಕೊಡುವುದು ಲೀಗು. ಅಲ್ಟಿಮೇಟ್ ಖೋಖೋದ ಎರಡೂ ಸೀಸನ್‌ಗಳಲ್ಲಿ ಆಡಿದ್ದು ಗಂಡಸರು ಮಾತ್ರ. ಅಂದರೆ ಗೌತಮ್‌ನಂಥ ಹುಡುಗ ಆಡಬೇಕಾದರೆ ಪಕ್ಕದ ರಾಜ್ಯದ ಅಂಗಿ ತೊಡಬೇಕು. ಚೈತ್ರಾಳಂಥ ಹುಡುಗಿಗೆ ತೊಡಲು ಯಾರ ಅಂಗಿಯೂ ಇರಲಿಲ್ಲ! ವಿಶ್ವವನ್ನೇ ಗೆದ್ದವಳಿಗೆ ಆಡಲು ಅಂಗಳವಿಲ್ಲ.

ಲೀಗ್ ಬೆಳೆಯಲಿ, ಹೊಸ ಊರುಗಳಿಗೆ ಬರಲಿ ಎಂದು ನಾವೆಲ್ಲ ಬಯಸುತ್ತೇವೆ. ನಾಳೆ ಯಾವುದೋ ಕಂಪನಿ ಬಂದು ಬೆಂಗಳೂರಿನ ಹೆಸರಲ್ಲಿ ಒಂದು ತಂಡ ಕೊಂಡರೆ ನೀವು ಪಟಾಕಿ ಹೊಡೆಯುತ್ತೀರಿ. ಹೊಡೆಯುವ ಮುನ್ನ ಕಬಡ್ಡಿಯನ್ನು ಒಮ್ಮೆ ನೋಡಿ. ಪ್ರೊ ಕಬಡ್ಡಿ 2014ರಲ್ಲಿ 8 ತಂಡಗಳೊಂದಿಗೆ ಶುರುವಾಯಿತು. 2017ರಲ್ಲಿ ಗುಜರಾತ್, ಹರಿಯಾಣ, ತಮಿಳುನಾಡು, ಉತ್ತರ ಪ್ರದೇಶದ ತಂಡಗಳು ಸೇರಿ 12 ಆದವು. ನಮ್ಮ ಪಾಲಿಗೆ ಮೊದಲಿನಿಂದಲೂ ಇರುವುದು ಬೆಂಗಳೂರು ಬುಲ್ಸ್. ಆ ಬುಲ್ಸ್ ತನ್ನ ‘ತವರು’ ಪಂದ್ಯಗಳನ್ನು 2017ರಲ್ಲಿ ಎಲ್ಲಿ ಆಡಿತು ಗೊತ್ತೇ? ನಾಗಪುರದಲ್ಲಿ! 2018ರಲ್ಲಿ? ಪುಣೆಯಲ್ಲಿ! ಬೆಂಗಳೂರಿನ ಹೆಸರು ಹೊತ್ತು ಮಹಾರಾಷ್ಟ್ರದ ಅಂಗಳದಲ್ಲಿ ಆಡಿ, ಆ ಸೀಸನ್ನಿನ ಕಪ್ ಕೂಡ ಗೆದ್ದಿತು. ನಾವು ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟಿದೆವು. ಬರೀ ಬೋರ್ಡು ನಮ್ಮದಾದರೆ ಆಗುವುದು ಇಷ್ಟೇ. ಅವರು ಬೇಕಾದ ಕಡೆ ಬೋರ್ಡು ಎತ್ತಿಕೊಂಡು ಹೋಗುತ್ತಾರೆ.

ಇದೇ ಪಾಠವನ್ನು ದೂರದ ಫ್ರಾನ್ಸ್ ದೇಶವೂ ಕಲಿತಿದೆ. ಅಲ್ಲಿ ರಗ್ಬಿ ಲೀಗ್ ಎಂಬ ಹದಿಮೂರು ಜನರ ಚೆಂಡಾಟವಿದೆ. ಇಂಗ್ಲೆಂಡಿನ ಸೂಪರ್ ಲೀಗಿನವರು 1996ರಲ್ಲಿ ತಮ್ಮ ಆಟವನ್ನು ಫ್ರಾನ್ಸಿಗೆ ವಿಸ್ತರಿಸಲು ಹೊರಟಾಗ ರಾಜಧಾನಿ ಪ್ಯಾರಿಸ್ಸಿನಲ್ಲಿ ತಂಡ ಕಟ್ಟಿದರು. ದೊಡ್ಡ ಊರು, ದೊಡ್ಡ ಹೆಸರು ಎಂಬ ಲೆಕ್ಕ. ಆದರೆ ಆ ಆಟದ ಬೇರು ಇದ್ದದ್ದು ಪ್ಯಾರಿಸ್ಸಿನಲ್ಲಲ್ಲ, ದಕ್ಷಿಣದ ಚಿಕ್ಕ ಊರುಗಳಲ್ಲಿ. ಎರಡೇ ವರ್ಷಕ್ಕೆ, 1997ರ ಕೊನೆಗೆ, ಪ್ಯಾರಿಸ್ ತಂಡ ಬಾಗಿಲು ಹಾಕಿತು. ಬುದ್ಧಿ ಬಂದ ಮೇಲೆ 2006ರಲ್ಲಿ ದಕ್ಷಿಣದ ತುದಿಯ ಪರ್ಪಿನ್ಯಾನ್ ಎಂಬ ಊರಿನ ತಂಡವನ್ನು ಸೇರಿಸಿಕೊಂಡರು. ಅಲ್ಲಿನ ಜನಸಂಖ್ಯೆ ಸುಮಾರು 1.2 ಲಕ್ಷ. ನಮ್ಮ ಮೈಸೂರು ನಗರದ್ದು 2011ರ ಜನಗಣತಿಯಲ್ಲೇ 8 ಲಕ್ಷ ದಾಟಿತ್ತು!

ಆ ತಂಡದ ಹೆಸರು ಕೇಳಿ: ಕ್ಯಾಟಲನ್ಸ್ ಡ್ರ್ಯಾಗನ್ಸ್. ಕ್ಯಾಟಲನ್ ಎಂಬುದು ಫ್ರೆಂಚಿನ ನೆರಳಲ್ಲಿ ಬದುಕುತ್ತಿರುವ ಆ ಸೀಮೆಯ ನುಡಿ, ಆ ಜನರ ಗುರುತು. ತಂಡದ ಬಣ್ಣ ಕೆಂಪು ಮತ್ತು ಹಳದಿ. ನಮ್ಮ ಬಾವುಟದ ಬಣ್ಣವೇ! 2018ರಲ್ಲಿ ಇದೇ ತಂಡ ಲಂಡನ್ನಿನ ವೆಂಬ್ಲಿಯಲ್ಲಿ ಚಾಲೆಂಜ್ ಕಪ್ ಗೆದ್ದಿತು. ಇಂಗ್ಲೆಂಡಿನ ಹೊರಗಿನ ತಂಡವೊಂದು ಆ ಕಪ್ ಎತ್ತಿದ್ದು ಅದೇ ಮೊದಲು. ಆಟ ಬದುಕಿರುವ ಮಣ್ಣಿನಲ್ಲಿ ನೆಟ್ಟದ್ದು ಚಿಗುರಿತು, ರಾಜಧಾನಿಯ ಕುಂಡದಲ್ಲಿ ನೆಟ್ಟದ್ದು ಒಣಗಿತು.

ನಮ್ಮ ಮಣ್ಣಿನ ಕತೆ ಹೇಳುತ್ತೇನೆ. ನನ್ನದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕಿನವರು ಪೋಸ್ಟರು, ಕರಪತ್ರ ಅಚ್ಚು ಹಾಕಿಸಲು ಬರುತ್ತಾರೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ‘ಹೊನಲು ಬೆಳಕಿನ ಪಂದ್ಯಾವಳಿ’ಗಳ ಪೋಸ್ಟರಿಗೆ ಬಿಡುವೇ ಇರುವುದಿಲ್ಲ. ಹಳ್ಳಿಯ ಹುಡುಗರು ಮನೆಮನೆಗೆ ಹೋಗಿ ನೂರು, ಇನ್ನೂರು ಚಂದಾ ಎತ್ತಿ ಆಟ ಆಡಿಸುತ್ತಾರೆ. ಆಟ ಬದುಕಿರುವುದು ಈ ಚಂದಾ ದುಡ್ಡಿನಲ್ಲಿ. ಆದರೆ ಪೋಸ್ಟರಿನ ಮುಕ್ಕಾಲು ಪಾಲು ಗಣ್ಯರ ಮುಖ. ಆಡುವವರ ಮುಖಕ್ಕೆ ಜಾಗವಿಲ್ಲ. ‘ಹೆಣ್ಣುಮಕ್ಕಳ ವಿಭಾಗ’ ಎಂಬ ಸಾಲನ್ನು ನಾನು ಅಚ್ಚು ಹಾಕಿದ್ದು ಬಲು ಅಪರೂಪ. ವಿಶ್ವಕಪ್ ಆಟಗಾರ್ತಿಯನ್ನು ಕೊಟ್ಟ ತಾಲ್ಲೂಕಿನ ಸ್ಥಿತಿ ಇದು. ದೆಹಲಿ, ಮುಂಬೈಯವರನ್ನು ಬೈಯುವ ಮೊದಲು ನಮ್ಮ ಗೋಡೆಯ ಮೇಲಿನ ಪೋಸ್ಟರನ್ನೂ ನೋಡಿಕೊಳ್ಳಬೇಕು.

‘ದುಡ್ಡೆಲ್ಲಿ ಬರುತ್ತದೆ, ಮೈಸೂರಿನಲ್ಲಿ ಲೀಗ್ ನಡೆಯುತ್ತದೆಯೇ’ ಎಂದು ಕೇಳುವವರು ಇರುತ್ತಾರೆ. ಅವರಿಗೆ ಎರಡೇ ಉತ್ತರ. ಒಂದು, ಅಲ್ಟಿಮೇಟ್ ಖೋಖೋದ ಮೊದಲ ಸೀಸನ್ 2022ರಲ್ಲಿ ಪೂರ್ತಿಯಾಗಿ ಪುಣೆಯಲ್ಲೇ ನಡೆಯಿತು. ಎರಡನೆಯದು 2023ರ ಡಿಸೆಂಬರಿನಿಂದ 2024ರ ಜನವರಿವರೆಗೆ ಕಟಕ್‌ನಲ್ಲಿ ನಡೆಯಿತು. ಅಂದರೆ ಒಳಾಂಗಣವಿರುವ ಒಂದೇ ಊರು ಸಾಕು. ಕಟಕ್‌ನಲ್ಲಿ ಆಗುವುದು ಮೈಸೂರಿನಲ್ಲಿ ಏಕಾಗದು? 2025ರಲ್ಲಿ ಮಹಾರಾಜ ಟ್ರೋಫಿ ಕ್ರಿಕೆಟ್ಟನ್ನು ಪೂರ್ತಿ ಮೈಸೂರಿನಲ್ಲೇ ಆಡಿಸಲಿಲ್ಲವೇ? ಎರಡು, ಒಡಿಶಾ ತಂಡದ ಹಿಂದೆ ನಿಂತದ್ದು ಬರೀ ಸೇಠುಗಳಲ್ಲ, ಅಲ್ಲಿನ ಸರ್ಕಾರದ್ದೇ ಕ್ರೀಡಾಭಿವೃದ್ಧಿ ಸಂಸ್ಥೆ. ಸರ್ಕಾರ ಕೈಹಾಕಿದ ಮೊದಲ ವರ್ಷವೇ ತೆಲುಗು ಯೋಧಾಸ್ ವಿರುದ್ಧ 46-45ರಲ್ಲಿ, ಒಂದೇ ಒಂದು ಅಂಕದಿಂದ, ಕಪ್ ಗೆದ್ದರು. ಒಡಿಶಾಗೆ ಸಾಧ್ಯವಾದದ್ದು ಕರ್ನಾಟಕಕ್ಕೆ ಸಾಧ್ಯವಿಲ್ಲ ಎಂದರೆ ಕೊರತೆ ಬೊಕ್ಕಸದ್ದಲ್ಲ, ಮನಸ್ಸಿನದು.

ಹಾಗಾಗಿ ನಮ್ಮ ಒತ್ತಾಯ ಸ್ಪಷ್ಟವಾಗಿರಲಿ. ಲೀಗ್ ವಿಸ್ತರಣೆಯಾಗುವಾಗ ಕರ್ನಾಟಕಕ್ಕೆ ತಂಡ ಬೇಕು, ಅದರಲ್ಲಿ ರಾಜ್ಯ ಸರ್ಕಾರದ ಪಾಲಿರಬೇಕು. ತವರು ಮೈಸೂರಾಗಬೇಕು. ಹೆಸರು ಕನ್ನಡದ್ದಾಗಬೇಕು. ತಮಿಳರು ಕಬಡ್ಡಿಯಲ್ಲಿ ‘ತಲೈವಾಸ್’ ಎಂದು ಎದೆ ತಟ್ಟಿ ಇಟ್ಟುಕೊಂಡರು, ನಾವೇಕೆ ‘ಬುಲ್ಸ್’ ಎಂದು ಹಲ್ಲುಗಿಂಜಬೇಕು? ಎಲ್ಲಕ್ಕಿಂತ ಮುಖ್ಯವಾಗಿ ಹೆಣ್ಣುಮಕ್ಕಳ ಲೀಗ್ ಬೇಕು. ಅದು ಬರುವ ತನಕ ಕರ್ನಾಟಕವೇ ತನ್ನ ಜಿಲ್ಲೆಗಳ ನಡುವೆ ಒಂದನ್ನು ಕಟ್ಟಲಿ. ಲೀಗ್ ನಡೆಯುವುದು ಮ್ಯಾಟ್ ಮೇಲೆ. ಬರಿಗಾಲಲ್ಲಿ ಮಣ್ಣಿನ ಮೇಲೆ ಓಡಿ ಕಲಿತ ಮಕ್ಕಳಿಗೆ ತಾಲ್ಲೂಕಿಗೊಂದು ಮ್ಯಾಟ್ ಅಂಗಳವಾದರೂ ಸಿಗಲಿ. ತಿ. ನರಸೀಪುರದಿಂದಲೇ ಶುರುವಾಗಲಿ.

ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಕೂತು ಇದನ್ನು ಓದುತ್ತಿರುವ ತರುಣರೇ, ಐಪಿಎಲ್ ಟಿಕೆಟ್ಟಿಗೆ ಸಾವಿರಗಟ್ಟಲೆ ಸುರಿಯುವ ನಿಮಗೆ ಇದು ಭಾರವಲ್ಲ. ಕ್ರೀಡಾ ಸಚಿವರಿಗೆ ಒಂದು ಕಾಗದ ಬರೆಯಿರಿ. ನಿಮ್ಮ ಸಂಘದ ರಾಜ್ಯೋತ್ಸವದಲ್ಲಿ ಆರ್ಕೆಸ್ಟ್ರಾಕ್ಕೆ ಕೊಡುವ ದುಡ್ಡಿನ ಅರ್ಧ ತೆಗೆದು ಹೆಣ್ಣುಮಕ್ಕಳ ಖೋಖೋ ಪಂದ್ಯ ಆಡಿಸಿ. ಪೋಸ್ಟರಿನಲ್ಲಿ ಗಣ್ಯರ ಬದಲು ಆಟಗಾರ್ತಿಯರ ಮುಖ ಹಾಕಿಸಿ. ಖೋಖೋದಲ್ಲಿ ಕೂತವನ ಬೆನ್ನು ತಟ್ಟಿ ‘ಖೋ’ ಎಂದರೆ ಅವನು ಎದ್ದು ಓಡಲೇಬೇಕು. ನಿಮ್ಮ ಬೆನ್ನು ತಟ್ಟಿಯಾಗಿದೆ. ಖೋ!