ಹಳೆಯ ಎಂಜಿನ್, ಹೊಸ ಚೌಕಟ್ಟು

ಈ ಸಲದ ಅಂಕಣ ಪ್ರಯೋಗಶಾಲೆಯಿಂದಲ್ಲ, ನಮ್ಮ ಮನೆಯ ಗ್ಯಾರೇಜಿನಿಂದ.

ಮೈಸೂರಿನಲ್ಲಿ ತಯಾರಾದ ಯೆಜ್ಡಿಯ ಸದ್ದು ಕೇಳಿ ಬೆಳೆದ ನಮಗೆ ಟೂ-ಸ್ಟ್ರೋಕ್ ಎಂದರೆ ಮೋಹ. ಹಾಗಾಗಿ ಹೋಂಡಾ ಸಿಆರ್ 500 ಎಂಬ ಡರ್ಟ್ ಬೈಕಿನ ಎಂಜಿನ್ ಇಲ್ಲಿ ಅಗ್ಗಕ್ಕೆ ಸಿಕ್ಕಾಗ ಬಿಡಲಾಗಲಿಲ್ಲ. ಒಂದೇ ಸಿಲಿಂಡರ್, 491 ಸಿಸಿ. ಒದ್ದು ಸ್ಟಾರ್ಟ್ ಮಾಡುವುದೇ ಒಂದು ಗರಡಿ ಸಾಧನೆ! ಹೋಂಡಾದವರು 1997ರಲ್ಲಿ ಸಿಆರ್ 250ಕ್ಕೆ ಅಲ್ಯೂಮಿನಿಯಂ ಚೌಕಟ್ಟು ಕೊಟ್ಟರು. ಈ 500ಕ್ಕೆ ಮಾತ್ರ 2001ರಲ್ಲಿ ತಯಾರಿಕೆ ನಿಲ್ಲುವವರೆಗೂ ಉಕ್ಕಿನದೇ ಗತಿ. ಆ ಕೊರತೆ ನೀಗಿಸಲು ಹವ್ಯಾಸಿಗಳು ಇದನ್ನು ಈಚಿನ ಅಲ್ಯೂಮಿನಿಯಂ ಚೌಕಟ್ಟಿಗೆ ಕೂರಿಸುತ್ತಾರೆ. ನಾವೂ ಹೊರಟೆವು.

ಎಂಜಿನ್ನನ್ನು ಇಷ್ಟ ಬಂದಲ್ಲಿ ಇಡುವಂತಿಲ್ಲ. ಹಿಂಚಕ್ರವನ್ನು ಹಿಡಿದ ತೋಳಿನ ಬೋಲ್ಟು ಎಂಜಿನ್ನಿನ ಬೆನ್ನಿನ ಮೂಲಕವೇ ಹಾಯುತ್ತದೆ. ಮುಂದಿನ, ಹಿಂದಿನ ಸ್ಪ್ರಾಕೆಟ್‌ಗಳು ಒಂದೇ ಸಾಲಿನಲ್ಲಿರಬೇಕು. ಇಲ್ಲವಾದರೆ ಚೈನು ಉಳಿಯದು. ಹೊಟ್ಟೆ ಉಬ್ಬಿದ ಹೊಗೆಕೊಳವೆಗೂ ಜಾಗ ಬೇಕು. ಅದು ಬರೀ ಹೊಗೆಗಲ್ಲ. ಅದರೊಳಗೆ ಮರಳಿ ಬರುವ ಒತ್ತಡದ ಅಲೆ, ಸುಡದೆ ಹೊರಬಿದ್ದ ಪೆಟ್ರೋಲ್ ಮಿಶ್ರಣವನ್ನು ಸಿಲಿಂಡರಿಗೆ ಹಿಂದಕ್ಕೆ ತಳ್ಳುತ್ತದೆ. ಜಾಗ ಸಾಲದೆಂದು ಅದನ್ನು ಮೊಟಕು ಮಾಡಿದರೆ ಶಕ್ತಿಯೂ ಮೊಟಕು.

ಚೌಕಟ್ಟಿನ ತಳವನ್ನು ಕತ್ತರಿಸಿ, ಹೊಸ ಹಿಡಿಕೆಗಳನ್ನು ನಾವೇ ವೆಲ್ಡ್ ಮಾಡಿದೆವು. ನೋಡಲು ಚೆನ್ನಾಗಿಯೇ ಇತ್ತು. ನಿಂತಲ್ಲೇ ನಾಲ್ಕು ದಿನ ಎಂಜಿನ್ ಓಡಿಸಿದೆವು. ಅಣ್ಣನ ಮಗ ಹೆಲ್ಮೆಟ್ ಹಾಕಿಕೊಂಡೇ ಬಂದ. "ಚಿಕ್ಕಪ್ಪ, ಇವತ್ತು ಓಡಿಸ್ಲಾ?" ಕೊನೆಯದಾಗಿ ಒಮ್ಮೆ ಒರೆಸಿ ನೋಡೋಣವೆಂದು ಬಗ್ಗಿದರೆ, ಕೂದಲೆಳೆಯಷ್ಟು ಬಿರುಕು! ಬೆಸುಗೆಯಲ್ಲಲ್ಲ, ಅದರ ಪಕ್ಕದಲ್ಲಿ. ನಮ್ಮ ಕೈಕಾಲು ತಣ್ಣಗಾದವು.

ರಸಾಯನಶಾಸ್ತ್ರ ಓದಿದ ನಮಗೆ ಇದು ಗೊತ್ತಿರಬೇಕಿತ್ತು. 6061ರಂಥ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಬಲ ಬರುವುದು ಅದರೊಳಗೆ ಹರಡಿದ ಮೆಗ್ನೀಸಿಯಂ-ಸಿಲಿಕಾನ್‌ನ ಅತಿಸೂಕ್ಷ್ಮ ಕಣಗಳಿಂದ. ವೆಲ್ಡಿಂಗಿನ ಕಾವಿಗೆ ಅವು ಕರಗುತ್ತವೆ, ಇಲ್ಲವೇ ದಪ್ಪಗಾಗುತ್ತವೆ. ಅಕ್ಕಪಕ್ಕದ ಲೋಹ ಮೆತ್ತಗಾಗುತ್ತದೆ. ಮತ್ತೆ ಗಟ್ಟಿಯಾಗಬೇಕಾದರೆ ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನೀರಿನಲ್ಲಿ ತಣಿಸಿ, ಆಮೇಲೆ 175 ಡಿಗ್ರಿಯಲ್ಲಿ ಎಂಟು ಗಂಟೆಯಷ್ಟು ಹಣ್ಣಾಗಿಸಬೇಕು. ನಮ್ಮ ಅವಸರದಲ್ಲಿ ಅದಕ್ಕೆ ಪುರಸೊತ್ತೆಲ್ಲಿತ್ತು?

ಆ ಚೌಕಟ್ಟು ಗುಜರಿಗೆ ಹೋಯಿತು. ಎರಡನೆಯದನ್ನು ಬಲ್ಲವರ ಕೈಗೆ ಕೊಟ್ಟೆವು. ಅಚ್ಚಿನಲ್ಲಿ ಬಿಗಿಹಿಡಿದು ಬೆಸೆದು, ಕಾವಿನ ಸಂಸ್ಕಾರವನ್ನೂ ಮಾಡಿಸಿ ಕೊಟ್ಟರು. ಹುಡುಗ ಎರಡು ತಿಂಗಳು ಮುಖ ಊದಿಸಿಕೊಂಡಿದ್ದ. ಈಗ ಗುಡ್ಡ ಹತ್ತಿಸುತ್ತಾನೆ. ಪ್ರತಿ ಸಲವೂ ಮೊದಲು ಬಗ್ಗಿ ಬೆಸುಗೆ ನೋಡುತ್ತಾನೆ.

ಹಳೆಯದನ್ನು ಹೊಸದಕ್ಕೆ ಕೂಡಿಸುವುದು ಒಂದು ದಿನದ ಕೆಲಸ. ಕೂಡಿದ್ದು ಗಟ್ಟಿಯಾಗಲು ಕಾಲ ಕೊಡಬೇಕು.