ಮೀಟರ್ ಹೇಳಿದ ಚಾಡಿ

ಬಾಣಸವಾಡಿಯ ನಮ್ಮ ಕಟ್ಟಡದಲ್ಲಿ ಮೆಟ್ಟಿಲ ಕೆಳಗೆ ಸಾಲಾಗಿ ಆರು ಕರೆಂಟ್ ಮೀಟರುಗಳಿವೆ. ಕಳೆದ ಭಾನುವಾರ ಬೆಳಿಗ್ಗೆ ಮೊಮ್ಮಗಳು ಅಲ್ಲಿಂದಲೇ ಕೂಗಿದಳು: "ತಾತಾ, ಎರಡನೇ ಮಹಡಿಯವರು ಗೀಸರ್ ಹಾಕಿದ್ದಾರೆ!"

ಅವರ ಮನೆ ಬಾಗಿಲು ಮುಚ್ಚಿತ್ತು. ಇವಳಿಗೆ ಹೇಗೆ ಗೊತ್ತಾಯಿತು? ಮೀಟರಿನ ಪುಟ್ಟ ಕೆಂಪು ದೀಪದಿಂದ! ಅದರ ಪಕ್ಕ 3200 ಎಂದು ಬರೆದಿದೆ. ಅಂದರೆ ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ದೀಪ 3200 ಸಲ ಮಿನುಗುತ್ತದೆ. 75 ವಾಟಿನ ಒಂದು ಫ್ಯಾನ್ ಮಾತ್ರ ತಿರುಗುತ್ತಿದ್ದರೆ 15 ಸೆಕೆಂಡಿಗೊಮ್ಮೆ. 2000 ವಾಟಿನ ಗೀಸರ್ ಹಾಕಿದರೆ ಸೆಕೆಂಡಿಗೆ ಹೆಚ್ಚುಕಮ್ಮಿ ಎರಡು ಸಲ. ಮಕ್ಕಳೇ, ಪೆನ್ಸಿಲ್ ಹಿಡಿದು ನೀವೂ ಲೆಕ್ಕ ಹಾಕಿ ನೋಡಿ.

ಆಮೇಲೆ ಅವಳು ಕೇಳಿದ ಪ್ರಶ್ನೆಗೆ ನಾನೇ ಬೆಚ್ಚಿದೆ. "ಹಾಗಾದ್ರೆ ಮನೇಲಿ ಯಾರೂ ಇಲ್ಲ ಅಂತ ಕಳ್ಳನಿಗೂ ಗೊತ್ತಾಗುತ್ತಲ್ವಾ?"

ಹೌದಲ್ಲ! ಬೀಗ ಮುರಿಯದೆ, ಬಾಗಿಲು ಮುಟ್ಟದೆ ಒಳಗಿನ ಗುಟ್ಟು ಹೊರಗೆ ಬಂತು.

ಅಪ್ಪ-ಅಮ್ಮನ ಎಟಿಎಂ ಕಾರ್ಡಿನ ಮೇಲಿರುವ ಚಿನ್ನದ ಬಣ್ಣದ ಚಿಪ್‌ಗೂ ಇದೇ ಭಯ. ಅದರೊಳಗೆ ಒಂದು ಗುಟ್ಟಿನ ಸಂಖ್ಯೆ ಇದೆ. ಕಾರ್ಡು ಅಸಲಿ ಎಂದು ಬ್ಯಾಂಕಿಗೆ ತೋರಿಸಿಕೊಡುವುದು ಅದೇ. ಚಿಪ್ ಅದನ್ನು ಯಾರಿಗೂ ಹೇಳುವುದಿಲ್ಲ. ಒಳಗೇ ಲೆಕ್ಕ ಮಾಡಿ ಉತ್ತರವನ್ನಷ್ಟೇ ಕೊಡುತ್ತದೆ. ಆದರೆ ಲೆಕ್ಕ ಮಾಡಲು ಕರೆಂಟ್ ಬೇಕಲ್ಲ? ಅದನ್ನು ಕಾರ್ಡು ತೂರಿಸಿದ ಯಂತ್ರದಿಂದಲೇ ಪಡೆಯುತ್ತದೆ. ಯಾವ ಅಂಕಿಯ ಮೇಲೆ ಕೆಲಸ ಮಾಡುತ್ತಿದೆ ಎಂಬುದರ ಮೇಲೆ ಕರೆಂಟು ತುಸು ಏರುತ್ತದೆ, ತುಸು ಇಳಿಯುತ್ತದೆ. ಈ ಏರಿಳಿತವನ್ನು ಅಳೆದೇ ಗುಟ್ಟಿನ ಸಂಖ್ಯೆ ಪತ್ತೆ ಮಾಡಬಹುದೆಂದು 1999ರಲ್ಲಿ ಅಮೆರಿಕದ ಪಾಲ್ ಕೋಚರ್, ಜೋಶುವಾ ಜಾಫ್, ಬೆಂಜಮಿನ್ ಜುನ್ ಪ್ರಬಂಧವನ್ನೇ ಮಂಡಿಸಿದರು. 2013ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ 'ಏಷಿಯಾಕ್ರಿಪ್ಟ್' ಸಮ್ಮೇಳನದಲ್ಲೂ ಇಂಥ ದಾಳಿಗಳ ಬಗ್ಗೆ ಪ್ರಬಂಧಗಳಿದ್ದವು.

ಇದಕ್ಕೆ ಮದ್ದೇನು? ನಾನು ಗುಮಾಸ್ತನಾಗಿದ್ದ ಬ್ಯಾಂಕಿನಲ್ಲಿ ತಿಜೋರಿಗೆ ಎರಡು ಕೀಲಿಕೈ. ಒಂದು ಮ್ಯಾನೇಜರ್ ಬಳಿ, ಇನ್ನೊಂದು ಹೆಡ್ ಕ್ಯಾಷಿಯರ್ ಬಳಿ. ಒಂದೇ ಸಿಕ್ಕಿದರೆ ಕಳ್ಳನಿಗೆ ಪ್ರಯೋಜನವಿಲ್ಲ. ಚಿಪ್ ಕೂಡ ಹಾಗೆಯೇ ತನ್ನ ಗುಟ್ಟನ್ನು ಒಡೆದಿಡುತ್ತದೆ. ಗುಟ್ಟು 7 ಎನ್ನಿ. ಒಂದು ಸಲ ಅದನ್ನು 3 ಮತ್ತು 4 ಮಾಡುತ್ತದೆ. ಮುಂದಿನ ಸಲ 9 ಮತ್ತು 8. ಕೂಡಿದರೆ 17, ಕೊನೆಯ ಅಂಕಿ 7! ಪ್ರತಿ ಸಲವೂ ಹೊಸ ತುಂಡು. ಲೆಕ್ಕವೆಲ್ಲ ತುಂಡುಗಳ ಮೇಲೆಯೇ. ಒಂದು ತುಂಡನ್ನು ಕದ್ದು ನೋಡಿದವನಿಗೆ ಏನೂ ತಿಳಿಯದು. ಎರಡನ್ನೂ ಹೊಂದಿಸಿ ನೋಡುವ ಚಾಲಾಕಿಗಳಿಗಾಗಿ ಮೂರು ನಾಲ್ಕು ತುಂಡು ಮಾಡುವುದೂ ಉಂಟು. ನಡುನಡುವೆ ಬೇಕೆಂದೇ ಸುಳ್ಳು ಕೆಲಸ ಮಾಡಿ ದಾರಿ ತಪ್ಪಿಸುವುದೂ ಉಂಟು. ಇದಕ್ಕೆಲ್ಲ ಸಮಯವೂ ಕರೆಂಟೂ ಹೆಚ್ಚು ಬೇಕು. ಕಾವಲು ಎಂದ ಮೇಲೆ ಖರ್ಚು ಇದ್ದದ್ದೇ.

"ಹಾಗಾದ್ರೆ ನಾವೂ ಊರಿಗೆ ಹೋಗುವಾಗ ಫ್ಯಾನ್ ಹಾಕಿಟ್ಟು ಹೋಗೋಣ್ವಾ?" ಎಂದಳು ಮೊಮ್ಮಗಳು.

"ಬಿಲ್ ನೀನು ಕಟ್ಟುತ್ತೀಯಾ? ಮೊದಲು, ನಾಳೆ ಊರಿಗೆ ಹೋಗ್ತೀವಿ ಅಂತ ಮೆಟ್ಟಿಲ ಮೇಲೆ ನಿಂತು ಕೂಗೋದು ಬಿಡು. ಚಾಡಿ ಹೇಳೋದು ಮೀಟರ್ ಒಂದೇ ಅಲ್ಲ," ಎಂದೆ.

ಅವಳು ಬಿಡುವವಳೇ? "ನೀವು ಎಟಿಎಂನಲ್ಲಿ ಪಿನ್ ಒತ್ತುವಾಗ ಬಾಯಲ್ಲಿ ಹೇಳಿಕೊಂಡು ಒತ್ತುತ್ತೀರಲ್ಲ ತಾತಾ?"

ಅಂದಿನಿಂದ ಬಾಯಿ ಮುಚ್ಚಿ, ಕೈ ಅಡ್ಡ ಹಿಡಿದು ಒತ್ತುತ್ತಿದ್ದೇನೆ.