ಯಾರಾದರೂ ಹೇಳಿರುತ್ತಾರೆ ಬಿಡಿ

ಪ್ರತಿ ವರ್ಷ ಈ ಅಂಕಣದಲ್ಲಿ ಮಾತ್ರೆ, ಸಿರಪ್ಪುಗಳ ಬಗ್ಗೆ ಬರೆಯುತ್ತಿದ್ದೆ. ಈ ಸಲ ಔಷಧಿ ಇಲ್ಲದ ಒಂದು ಕಾಯಿಲೆಯ ಬಗ್ಗೆ ಬರೆಯುತ್ತೇನೆ. ಅದು ನನಗೂ ಇದೆ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ. ನಮ್ಮ ಫಾರ್ಮಸಿ ಕಿಟಕಿಯ ಮುಂದೆ ಇಪ್ಪತ್ತು ಇಪ್ಪತ್ತೈದು ಜನ ಟೋಕನ್ ಹಿಡಿದು ಕೂತಿದ್ದರು. ಕೊನೆಯ ಸಾಲಿನಲ್ಲಿ, ಸೈಟಿನ ಬಟ್ಟೆಯಲ್ಲೇ ಬಂದಿದ್ದ ಒಬ್ಬ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದ. ಎಸಿ ಇದ್ದರೂ ಅವನ ಅಂಗಿ ಬೆವರಿಗೆ ಒದ್ದೆಯಾಗಿತ್ತು. ನಾನು ನೋಡಿದೆ. ನೈಟ್ ಡ್ಯೂಟಿ ಮುಗಿಸಿ ಬಂದಿರಬೇಕು, ನಿದ್ದೆ ಹತ್ತಿದೆ ಅಂದುಕೊಂಡು ಮುಂದಿನ ಟೋಕನ್ ಒತ್ತಿದೆ. ಪಕ್ಕದಲ್ಲಿ ಕೂತವರೂ ಹಾಗೇ ಅಂದುಕೊಂಡಿದ್ದರು. ಕೊನೆಗೆ ನೆಲ ಒರೆಸುತ್ತಿದ್ದ ಕ್ಲೀನರ್ ಅವನ ಭುಜ ಅಲುಗಿಸಿ ನೋಡಿ, ಎಚ್ಚರವಾಗದಿದ್ದಾಗ ಕೂಗಿಕೊಂಡ. ಪರೀಕ್ಷಿಸಿದರೆ ರಕ್ತದ ಸಕ್ಕರೆ 41. ಇನ್ಸುಲಿನ್ ಚುಚ್ಚಿಕೊಂಡು ಊಟ ಮಾಡದೆ ಬಂದಿದ್ದನಂತೆ. ಗ್ಲುಕೋಸ್ ಕೊಟ್ಟ ಮೇಲೆ ಕಣ್ಣು ಬಿಟ್ಟ.

ಸಕ್ಕರೆ ಇಳಿದರೆ ಬೆವರು ಬರುತ್ತದೆ ಎಂದು ದಿನಾ ಹತ್ತು ಜನರಿಗೆ ಹೇಳುವವನು ನಾನು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಕಲ್ಲುಮನಸ್ಸಿನವನೇ ಎಂದು ಕೇಳಿಕೊಂಡೆ. ಉತ್ತರ ಹುಡುಕುತ್ತಾ ಮನಃಶಾಸ್ತ್ರದ ಪುಸ್ತಕ ತೆರೆದೆ.

1964ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿ ಕೆಲಸ ಮುಗಿಸಿ ಮನೆಗೆ ಮರಳುವಾಗ ಕೊಲೆಯಾದಳು. 38 ಜನ ನೋಡುತ್ತಿದ್ದರೂ ಯಾರೂ ಪೊಲೀಸರನ್ನು ಕರೆಯಲಿಲ್ಲ ಎಂದು ಪತ್ರಿಕೆ ಬರೆಯಿತು. ಅದು ಉತ್ಪ್ರೇಕ್ಷೆ ಎಂದು ಆಮೇಲೆ ತಿಳಿಯಿತು. ಒಬ್ಬರು ಕಿಟಕಿಯಿಂದ ಗದರಿಸಿದ್ದರು, ನೆರೆಮನೆಯ ಮಹಿಳೆ ಓಡಿಬಂದು ಅವಳನ್ನು ತೋಳಲ್ಲಿ ಹಿಡಿದಿದ್ದರು. ಆದರೆ ಆ ಸುದ್ದಿ ಜಾನ್ ಡಾರ್ಲಿ, ಬಿಬ್ ಲಟಾನೆ ಎಂಬ ಇಬ್ಬರು ಸಂಶೋಧಕರಲ್ಲಿ ಒಂದು ಪ್ರಶ್ನೆ ಎಬ್ಬಿಸಿತು: ಜನ ಹೆಚ್ಚಿದ್ದರೆ ಸಹಾಯ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ?

1968ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಹೀಗಿತ್ತು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮೈಕಿನಲ್ಲಿ ಮಾತನಾಡಿಸಿದರು. ನಡುವೆ ಒಬ್ಬನಿಗೆ ಫಿಟ್ಸ್ ಬಂದ ಹಾಗೆ, ತೊದಲುತ್ತಾ ಸಹಾಯ ಬೇಡುವ ದನಿ ಕೇಳಿಸಿತು. ಅದು ರೆಕಾರ್ಡ್ ಮಾಡಿದ ದನಿ, ಕೇಳಿದವರಿಗೆ ಗೊತ್ತಿರಲಿಲ್ಲ. ಕೇಳುತ್ತಿರುವುದು ತಾನೊಬ್ಬನೇ ಎಂದು ನಂಬಿದವರಲ್ಲಿ ಆ ದನಿ ನಿಲ್ಲುವ ಮೊದಲೇ ಎದ್ದು ಹೋಗಿ ತಿಳಿಸಿದವರು ಶೇಕಡಾ 85. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಶೇಕಡಾ 31 ಮಾತ್ರ. ಏಳದೆ ಕೂತವರು ನಿರ್ದಯಿಗಳಾಗಿರಲಿಲ್ಲ. ಅವರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಪ್ರಯೋಗ ನಡೆಸುವವರು ಒಳಗೆ ಬಂದ ಕೂಡಲೇ 'ಆ ಹುಡುಗ ಹೇಗಿದ್ದಾನೆ' ಎಂದು ಕೇಳಿದರು.

ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎನ್ನುತ್ತಾರೆ ನಮ್ಮ ಹಿರಿಯರು. ಕೆಲಸದ ಮಟ್ಟಿಗೆ ಒಳ್ಳೆಯ ಮಾತು. ಆದರೆ ಜವಾಬ್ದಾರಿಯನ್ನು ಹತ್ತು ಪಾಲು ಮಾಡಿದರೆ ಅದು ಹುಲ್ಲುಕಡ್ಡಿಯಷ್ಟು ಹಗುರವಾಗಿ, ಕೈಯಿಂದ ಬಿದ್ದರೂ ಗೊತ್ತಾಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ಏನಾಗಿದೆ ಎಂದು ಖಚಿತವಿಲ್ಲದಾಗ ನಾವು ಅಕ್ಕಪಕ್ಕದವರ ಮುಖ ನೋಡುತ್ತೇವೆ. ಅವರು ನಮ್ಮ ಮುಖ ನೋಡುತ್ತಾರೆ. ಎಲ್ಲರೂ ಸುಮ್ಮನಿರುವುದರಿಂದ ಏನೂ ಆಗಿಲ್ಲ ಎಂದೇ ಎಲ್ಲರೂ ತಿಳಿಯುತ್ತೇವೆ. ನಮ್ಮ ಹಾಲಿನಲ್ಲಿ ಆದದ್ದು ಇದೇ.

ಎಂಟು ಜನರ ರೂಮಿನಲ್ಲಿ ಇದು ದಿನಾ ಆಗುತ್ತದೆ. ಒಬ್ಬ ಎರಡು ದಿನದಿಂದ ಜ್ವರದಲ್ಲಿ ಮಲಗಿದ್ದಾನೆ, ಕ್ಯಾಂಪ್ ಬಾಸ್‌ಗೆ ಯಾರೋ ಹೇಳಿರುತ್ತಾರೆ. ಒಬ್ಬ ಊಟ ಬಿಟ್ಟಿದ್ದಾನೆ, ಮನೆಗೆ ಫೋನ್ ಮಾಡುತ್ತಿಲ್ಲ, ಅವನ ಊರಿನವರು ವಿಚಾರಿಸಿರುತ್ತಾರೆ. ಇನ್ನೂರು ಜನರ ವಾಟ್ಸ್ಆ್ಯಪ್ ಗುಂಪಿನಲ್ಲಿ 'ಅರ್ಜೆಂಟ್ ರಕ್ತ ಬೇಕು' ಎಂದು ಹಾಕಿದರೆ ನೂರು ಕೈಮುಗಿದ ಚಿಹ್ನೆ ಬರುತ್ತವೆ. ಅದೇ ಮಾತನ್ನು ಒಬ್ಬೊಬ್ಬರಿಗೆ ಹೆಸರು ಹಿಡಿದು ಕಳಿಸಿ ನೋಡಿ, ರಕ್ತ ಕೊಡುವವರು ಬರುತ್ತಾರೆ.

ಇದೇ ಇದರ ಮದ್ದು. ಯಾರಾದರೂ ಕುಸಿದುಬಿದ್ದರೆ 'ಯಾರಾದರೂ ಫೋನ್ ಮಾಡಿ' ಎನ್ನಬೇಡಿ. 'ನೀಲಿ ಅಂಗಿಯ ಅಣ್ಣಾ, ನೀವು ಆಂಬುಲೆನ್ಸಿಗೆ ಫೋನ್ ಮಾಡಿ. ತಮ್ಮಾ, ನೀನು ಗೇಟಿನ ಹತ್ತಿರ ನಿಲ್ಲು' ಎಂದು ಬೆರಳು ತೋರಿಸಿ ಹೇಳಿ. ಯುಎಇಯಲ್ಲಿ ಆಂಬುಲೆನ್ಸ್ 998, ಪೊಲೀಸ್ 999. ಭಾಷೆಯ ಭಯವಿದ್ದರೆ ಮಾತು ಬರುವವರ ಕೈಗೆ ಫೋನ್ ಕೊಟ್ಟು, ಕರೆ ಮುಗಿಯುವವರೆಗೆ ಪಕ್ಕದಲ್ಲೇ ನಿಲ್ಲಿ. ಸಕ್ಕರೆ ಕಾಯಿಲೆಯವರು ಬೆವರಿ ತಡವರಿಸುತ್ತಿದ್ದರೆ, ಎಚ್ಚರವಿದ್ದು ನುಂಗಬಲ್ಲವರಾದರೆ, ಸಕ್ಕರೆ ನೀರು ಅಥವಾ ಜ್ಯೂಸ್ ಕೊಡಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ಇದನ್ನು ಓದಿ ಏನು ಪ್ರಯೋಜನ ಎನ್ನುವವರಿಗೆ ಒಂದು ಮಾತು. ಈ ವಿಷಯದ ಪಾಠ ಕೇಳಿದ ವಿದ್ಯಾರ್ಥಿಗಳು, ಕೇಳದವರಿಗಿಂತ ಹೆಚ್ಚಾಗಿ ಸಹಾಯಕ್ಕೆ ಮುಂದಾದರು ಎಂದು 1978ರ ಒಂದು ಅಧ್ಯಯನ ತೋರಿಸಿತು. ಈಗ ನೀವೂ ಪಾಠ ಕೇಳಿದವರ ಸಾಲಿಗೆ ಸೇರಿದಿರಿ.

ಆ ಕ್ಲೀನರ್ ತಮ್ಮನಿಗೆ ಚಹಾ ಕೊಡಿಸಿ, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. 'ಗೊತ್ತಾಗಲಿಲ್ಲ ಸಾರ್, ಅದಕ್ಕೇ ಎಬ್ಬಿಸಿ ನೋಡಿದೆ' ಅಂದ. ಇವತ್ತು ರೂಮಿಗೆ ಹೋದ ಕೂಡಲೇ ಆ ಎರಡು ನಂಬರುಗಳನ್ನು ದೊಡ್ಡದಾಗಿ ಬರೆದು ಬಾಗಿಲಿಗೆ ಅಂಟಿಸಿ. ಇನ್ಯಾರೋ ಅಂಟಿಸುತ್ತಾರೆ ಎಂದು ಬಿಡಬೇಡಿ.